ಮತ್ತೊಂದು ಕೊರೋನಾ ಬಂದರೆ ಶಾಲೆ ಮುಚ್ಚಲೇಬೇಕಾ?

ಪ್ರಶ್ನೆ: ನನ್ನ ಮಗಳು ಮಂಡ್ಯದಲ್ಲಿ 3ನೇ ಕ್ಲಾಸ್ ಓದುತ್ತಿದ್ದಾಳೆ. ಕೊರೋನಾ ಥರದ ಕಾಯಿಲೆ ಮತ್ತೆ ಬಂದರೆ ಶಾಲೆ ಮುಚ್ಚಲೇಬೇಕಾ? ಸ್ಯಾನಿಟೈಜರ್, ಜ್ವರ ನೋಡುವ ಗನ್ ಇಟ್ಟುಕೊಂಡು ನಡೆಸೋಕೆ ಆಗಲ್ವಾ?

ಉತ್ತರ: ನಡೆಸಬಹುದು. ಆದರೆ ಆ ಎರಡನ್ನು ನಂಬಿಕೊಂಡು ಅಲ್ಲ. ಮೊದಲು ಕ್ಲಾಸ್‌ರೂಮಿನ ಗಾಳಿ ನೋಡಬೇಕು.

2021ರ ಅಕ್ಟೋಬರ್ 25ರಂದು 1ರಿಂದ 5ನೇ ತರಗತಿ ಮತ್ತೆ ಶುರುವಾದಾಗ ಅಕ್ಕನ ಮಗನನ್ನು ಬಿಡಲು ಮಂಡ್ಯ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಒಂದೂವರೆ ವರ್ಷದ ಮೇಲೆ ಚಿಕ್ಕ ಮಕ್ಕಳು ಬರುತ್ತಿದ್ದರು. ಗೇಟಿಗೆ ಮಾವಿನ ತೋರಣ. ಪ್ರತಿ ಮಗುವಿನ ಹಣೆಗೆ ಗನ್, ಕೈಗೆ ಸ್ಯಾನಿಟೈಜರ್. ಒಳಗೆ ಹೋಗಿ ನೋಡಿದರೆ ರಸ್ತೆ ಕಡೆಯ ಮೂರು ಕಿಟಕಿಗೂ ಚಿಲಕ. ಒಂದರ ಚಿಲಕ ತುಕ್ಕು ಹಿಡಿದಿತ್ತು. ಅದರ ಮೇಲೇ ಬಣ್ಣ ಬಳಿದು ಚೌಕಟ್ಟಿಗೆ ಅಂಟಿಕೊಂಡಿತ್ತು. ಧೂಳು, ಕಬ್ಬಿನ ಟ್ರ್ಯಾಕ್ಟರ್ ಸದ್ದು, ಕೋತಿ ಕಾಟ ಅಂದರು ಶಾಲೆಯವರು. ಯಾವುದೂ ಸುಳ್ಳಲ್ಲ. ಆದರೂ ಅವತ್ತು ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಯಾಕೆ ಅಂದರೆ, ಕೊರೋನಾ ಮುಖ್ಯವಾಗಿ ಹರಡುವುದು ಉಸಿರಿನಿಂದ. ನಾವು ಮಾತಾಡುವಾಗ, ಹಾಡುವಾಗ, ಮಗ್ಗಿ ಕೂಗುವಾಗ ಬಾಯಿಂದ ಕಣ್ಣಿಗೆ ಕಾಣದ ಹನಿಗಳು ಹೊರಬರುತ್ತವೆ. ದಪ್ಪ ಹನಿ ಕೆಳಗೆ ಬೀಳುತ್ತದೆ. ಸಣ್ಣವು ಗಾಳಿಯಲ್ಲೇ ತೇಲುತ್ತವೆ, ಕೆಲವೊಮ್ಮೆ ಗಂಟೆಗಟ್ಟಲೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ 2021 ಬಂದಿತ್ತು. ಅಷ್ಟರಲ್ಲಿ ನಾವು ಬೆಂಚು ಒರೆಸಿ ಒರೆಸಿ ಸುಸ್ತಾಗಿದ್ದೆವು. ಕೈ ತೊಳೆಯುವುದು ಒಳ್ಳೆಯದೇ, ಭೇದಿಯಂಥ ಬೇರೆ ಕಾಯಿಲೆಗಳನ್ನೂ ತಡೆಯುತ್ತದೆ. ಜ್ವರದ ಗನ್ ಮಾತ್ರ ಅಷ್ಟು ಉಪಯೋಗಕ್ಕೆ ಬರಲ್ಲ. ಮೈ ಬಿಸಿಯಾಗುವ ಮೊದಲೇ ಸೋಂಕು ಹರಡಿರುತ್ತದೆ.

ನಿಮ್ಮ ಮಗಳ ಕ್ಲಾಸಿನ ಗಾಳಿ ಹೇಗಿದೆ ಅಂತ ತಿಳಿಯಲು ಒಂದು ಊದುಬತ್ತಿ ಸಾಕು. ಮಕ್ಕಳಿಲ್ಲದ ಹೊತ್ತಲ್ಲಿ ರೂಮಿನ ನಡುವೆ ಹಚ್ಚಿ, ಹೊಗೆ ನೋಡಿ. ಒಂದು ಕಡೆ ವಾಲಿಕೊಂಡು ಕಿಟಕಿಯಿಂದಲೋ ಬಾಗಿಲಿಂದಲೋ ಹೊರಗೆ ಹೋದರೆ ಗಾಳಿ ಓಡಾಡುತ್ತಿದೆ. ಅಲ್ಲೇ ಸುತ್ತಿ, ಕಾಲು ಗಂಟೆಯ ಮೇಲೂ ರೂಮಿನಲ್ಲಿ ಗಮ್ ಅಂತಿದ್ದರೆ ಮಕ್ಕಳ ಉಸಿರೂ ಹಾಗೇ ನಿಲ್ಲುತ್ತದೆ. ಈಗ ಎದುರುಬದುರು ಗೋಡೆಯ ಒಂದೊಂದು ಕಿಟಕಿ ತೆರೆದು ಮತ್ತೆ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದೇ ಗೋಡೆಯ ನಾಲ್ಕು ಕಿಟಕಿಗಿಂತ ಎದುರುಬದುರಿನ ಎರಡು ಮೇಲು.

ಇನ್ನೊಂದು ಮಾತು. ಸೀಲಿಂಗ್ ಫ್ಯಾನ್ ಗಾಳಿಯನ್ನು ಬದಲಿಸುವುದಿಲ್ಲ, ಸುಮ್ನೆ ಕಲಕುತ್ತದೆ. ಮನೆಗಳಲ್ಲಿ ಹಾಕುವ ಸ್ಪ್ಲಿಟ್ ಎಸಿಯೂ ಅಷ್ಟೇ. ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ. 'ನಮ್ಮದು ಎಸಿ ಕ್ಲಾಸ್' ಅಂತ ಜಾಸ್ತಿ ಫೀಸು ತೆಗೆದುಕೊಳ್ಳುವ ಕಡೆ ಇದನ್ನು ಕೇಳಲೇಬೇಕು. ಕಿಟಕಿಯಲ್ಲಿ ಹೊರಗೆ ಮುಖ ಮಾಡಿಸಿದ ಒಂದು ಎಕ್ಸಾಸ್ಟ್ ಫ್ಯಾನ್ ಇದಕ್ಕಿಂತ ಎಷ್ಟೋ ವಾಸಿ.

ಅಂಕಿ ಬೇಕು ಅನ್ನುವವರಿಗೆ, ನಾವು ಬಿಡುವ ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್ ಇದೆ, ಕೆಲವು ಸಾವಿರ ರೂಪಾಯಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ತೋರಿಸುತ್ತದೆ. ಕ್ಲಾಸಿನೊಳಗೆ 800ರ ಒಳಗಿದ್ದರೆ ಚೆನ್ನಾಗಿದೆ ಅಂತ ಅರ್ಥ. ನಲವತ್ತು ಮಕ್ಕಳಿರುವ ಮುಚ್ಚಿದ ರೂಮಿನಲ್ಲಿ ಸುಲಭವಾಗಿ 2,000 ದಾಟುತ್ತದೆ. ಮಧ್ಯಾಹ್ನದ ಪೀರಿಯಡ್‌ನಲ್ಲಿ ಮಕ್ಕಳು ತೂಕಡಿಸುವುದಕ್ಕೆ ಬಿಸಿಯೂಟ ಒಂದೇ ಕಾರಣ ಇರಲಾರದು.

ಮೈಸೂರು ಸೀಮೆಗೆ ಈ ತಿಳಿವಳಿಕೆ ಹೊಸದಲ್ಲ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ನೋಡಿದ್ದೀರಲ್ವಾ? ಅದು ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. 1921ರಲ್ಲಿ ಅದು ಶುರುವಾದಾಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಊರಾಚೆ ಒಳ್ಳೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ, ಇಷ್ಟನ್ನೇ ನಂಬಿ ಕಟ್ಟಿದ್ದು. ಕ್ಷಯವೂ ಗಾಳಿಯಲ್ಲೇ ಹರಡುವ ಕಾಯಿಲೆ. ಜೊತೆಗೆ ನಮ್ಮ ಹವೆ ನೋಡಿ. ಹಿಮ ಬೀಳುವ ದೇಶಗಳಲ್ಲಿ ಕಿಟಕಿ ತೆರೆಯೋಕೆ ಹೆದರುತ್ತಾರೆ. ಇಲ್ಲಿ ಧನುರ್ಮಾಸದ ಚಳಿಗೂ ಒಂದು ಸ್ವೆಟರ್ ಸಾಕು.

ಗಾಳಿ ಒಂದೇ ಸಾಲದು, ನಿಜ. ಕಾಯಿಲೆ ಜೋರಾಗಿರುವ ವಾರಗಳಲ್ಲಿ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಬೇಕು. ಲಸಿಕೆ ಬಂದರೆ ಟೀಚರುಗಳಿಗೆ, ಅಡುಗೆಯವರಿಗೆ ಮೊದಲು ಸಿಗಬೇಕು. ಮಾಸ್ಕ್ ತೆಗೆಯುವುದು ಊಟಕ್ಕೆ, ಹಾಗಾಗಿ ಬಿಸಿಯೂಟ ಮರದ ಕೆಳಗೆ, ಜಗಲಿಯಲ್ಲಿ ಆಗಲಿ. ಪ್ರಾರ್ಥನೆ ಬಯಲಲ್ಲೇ ನಡೆಯಲಿ. ಮತ್ತೆ, ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಆ ಒಂದು ಸರ್ಟಿಫಿಕೇಟಿಗಾಗಿ ಮಕ್ಕಳು ಮೂಗು ಸೋರಿಸಿಕೊಂಡು ಬರುತ್ತಾರೆ.

ಹೊಸ ಕಾಯಿಲೆ ಬಂದ ಶುರುವಿನಲ್ಲಿ, ಅದು ಏನು ಎತ್ತ ಗೊತ್ತಿಲ್ಲದಾಗ, ಕೆಲವು ವಾರ ಮುಚ್ಚಬೇಕಾಗಬಹುದು. ಅದಕ್ಕೆ ನನ್ನ ತಕರಾರಿಲ್ಲ. ವರ್ಷಗಟ್ಟಲೆ ಮುಚ್ಚುವುದು ಬೇರೆ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆ ಪ್ರಕಾರ 2018ರಲ್ಲಿ ದೇಶದ ಹಳ್ಳಿಗಳಲ್ಲಿ 3ನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 27 ಮಕ್ಕಳು 2ನೇ ತರಗತಿಯ ಪಾಠ ಓದಬಲ್ಲವರಾಗಿದ್ದರು. 2022ರಲ್ಲಿ ಸುಮಾರು 20. ನಿಮ್ಮ ಮಗಳ ಕ್ಲಾಸೇ ಅದು. ಮೊಬೈಲ್ ಇಲ್ಲದ ಮನೆಗಳ ಮಕ್ಕಳೇ ಜಾಸ್ತಿ ಪೆಟ್ಟು ತಿಂದರು.

ಹಾಗಾಗಿ ಕಾಯಿಲೆ ಬರುವವರೆಗೆ ಕಾಯಬೇಡಿ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಒಂದು ಊದುಬತ್ತಿ, ಒಂದು ಸ್ಕ್ರೂಡ್ರೈವರ್, ಚಿಲಕಕ್ಕೆ ಹಾಕೋಕೆ ಸ್ವಲ್ಪ ಎಣ್ಣೆ ಹಿಡಿದುಕೊಂಡು ಹೋಗಿ. ಕೋತಿಗೆ, ಸೊಳ್ಳೆಗೆ ಜಾಲರಿ ಹಾಕಿಸಿ, ವಾರಕ್ಕೊಮ್ಮೆ ಅದರ ಧೂಳು ಕೊಡವಿ. ಟ್ರ್ಯಾಕ್ಟರ್ ಸದ್ದು ಜಾಸ್ತಿ ಇರುವ ಹೊತ್ತಲ್ಲಿ ರಸ್ತೆ ಕಡೆಯದನ್ನು ಅರ್ಧ ಮುಚ್ಚಿ, ಮೈದಾನದ ಕಡೆಯದನ್ನು ಪೂರ್ತಿ ತೆರೆದಿಡಿ. ಆಮೇಲೆ ಮತ್ತೊಮ್ಮೆ ಊದುಬತ್ತಿ ಹಚ್ಚಿ, ಹೊಗೆ ಎತ್ತ ಹೋಗುತ್ತದೆ ನೋಡಿ.