ಜೀವಕೋಶ ಕೃಷಿಯಲ್ಲಿ ಮೈಕೋಪ್ಲಾಸ್ಮಾ ಎಂಬ ಕಾಣದ ಸೋಂಕು

ಜೀವಕೋಶಗಳನ್ನು ಬೆಳೆಸುವ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಸೋಂಕು ಅಷ್ಟೇನೂ ದೊಡ್ಡ ಆತಂಕವಲ್ಲ. ಸಂಜೆ ಕೆಂಪಗಿದ್ದ ಮಾಧ್ಯಮ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವ, ಬೆಳಗಾಗುವಷ್ಟರಲ್ಲಿ ಹಳದಿಯಾಗಿ ಕದಡಿರುತ್ತದೆ. ಫ್ಲಾಸ್ಕನ್ನು ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿಗಳನ್ನು ಕೊಂದು) ಎಸೆದರೆ ಮುಗಿಯಿತು. ನಿಜವಾಗಿ ಅಂಜಬೇಕಾದದ್ದು ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾಕ್ಕೆ. ಒಂದು ಮಿಲಿಲೀಟರಿನಲ್ಲಿ ಅದು ಕೋಟಿಯ ಲೆಕ್ಕದಲ್ಲಿ ತುಂಬಿಕೊಂಡಿದ್ದರೂ ದ್ರವ ತಿಳಿಯಾಗಿಯೇ ಇರುತ್ತದೆ, ಕೋಶಗಳೂ ಸೂಕ್ಷ್ಮದರ್ಶಕದಡಿ ಎಂದಿನಂತೆಯೇ ಕಾಣುತ್ತವೆ.

ಕೃಷಿಕೋಶಗಳಲ್ಲಿ ಇದು ಪತ್ತೆಯಾದದ್ದು 1956ರಲ್ಲಿ, ಅದೂ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹಂಚಿಹೋಗಿದ್ದ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳಲ್ಲಿ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯಿಲ್ಲ, ಹಾಗಾಗಿ ಭಿತ್ತಿಯ ರಚನೆಯನ್ನೇ ತಡೆಯುವ ಪೆನಿಸಿಲಿನ್ ಅದಕ್ಕೆ ತಾಗುವುದಿಲ್ಲ. ಮೈ ಮೆತ್ತಗಿರುವುದರಿಂದ 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳಿ ಬರಬಲ್ಲದು. ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಹಾಕಿದ್ದೇವೆ, ಫಿಲ್ಟರ್ ಮಾಡಿದ್ದೇವೆ ಎಂದು ನಿಶ್ಚಿಂತರಾಗಿರುವವರೇ ಹೆಚ್ಚು ಮೋಸಹೋಗುತ್ತಾರೆ. ಪ್ರತಿ ಬಾಟಲಿಗೂ ಆ್ಯಂಟಿಬಯೋಟಿಕ್ ಸುರಿಯುವ ರೂಢಿ ಕೈಯ ಅಶುಚಿಯನ್ನು ಮುಚ್ಚಿಹಾಕುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೋಶ ಸಾಯದಿದ್ದರೂ ಅದರ ವರ್ತನೆ ಬದಲಾಗುತ್ತದೆ. ಕೆಲವು ಮೈಕೋಪ್ಲಾಸ್ಮಾ ಪ್ರಭೇದಗಳು ಮಾಧ್ಯಮದಲ್ಲಿನ ಆರ್ಜಿನೈನ್ ಎಂಬ ಅಮೈನೊ ಆಮ್ಲವನ್ನು ತಿಂದು ಖಾಲಿಮಾಡುವುದರಿಂದ ಕೋಶಗಳ ಬೆಳವಣಿಗೆ ಕುಂಠಿತವಾಗುತ್ತದೆ. ಆ ಹೊತ್ತಿಗೆ ಔಷಧವೊಂದನ್ನು ಪರೀಕ್ಷಿಸುತ್ತಿರುವ ಸಂಶೋಧಕಿ ಅದನ್ನು ಔಷಧದ ಪ್ರಭಾವವೆಂದೇ ಬರೆದುಕೊಳ್ಳಬಹುದು. ಮೈಕೋಪ್ಲಾಸ್ಮಾಗಳ ಹೊರಪೊರೆಯ ಲಿಪೊಪ್ರೋಟೀನುಗಳು (ಕೊಬ್ಬು ಅಂಟಿದ ಪ್ರೋಟೀನುಗಳು) ಸೋಂಕನ್ನು ಗುರುತಿಸುವ ಟಿಎಲ್‌ಆರ್-2 ಗ್ರಾಹಕವನ್ನು ಕೆರಳಿಸುವುದರಿಂದ, ಉರಿಯೂತದ ಸಂಕೇತಗಳನ್ನು ಅಭ್ಯಸಿಸುವವರಿಗಂತೂ ಏನನ್ನೂ ಹಾಕದ ಕಂಟ್ರೋಲ್ ತಟ್ಟೆಯಲ್ಲೇ ಸಂಕೇತ ಸಿಗುತ್ತದೆ. ಎರಡು ವರ್ಷದ ಪಿಎಚ್‌ಡಿ ಕೆಲಸ ಹೀಗೆ ಮಣ್ಣುಪಾಲಾಗುವುದು ಅಪರೂಪವೇನಲ್ಲ.

ಸೋಂಕಿನ ಮೂಲ ಬಹುಪಾಲು ನಾವೇ. ಮೈಕೋಪ್ಲಾಸ್ಮಾ ಓರಾಲೆ ಮನುಷ್ಯನ ಬಾಯಿಯಲ್ಲೇ ವಾಸಿಸುವಂಥದ್ದು. ಹುಡ್ (ಶುದ್ಧ ಗಾಳಿ ಹರಿಯುವ, ಕೋಶಗಳೊಡನೆ ಕೆಲಸ ಮಾಡುವ ಪೆಟ್ಟಿಗೆ) ಮುಂದೆ ಕುಳಿತು ಮಾತಾಡುವುದನ್ನು ಹಿರಿಯರು ಗದರುವುದು ಸುಮ್ಮನೆ ಅಲ್ಲ. ಉಳಿದದ್ದು ಮಾಧ್ಯಮಕ್ಕೆ ಬೆರೆಸುವ ಹಸುವಿನ ರಕ್ತದ ಸೀರಮ್‌ನಿಂದ ಬರಬಹುದು, ಪಕ್ಕದ ಲ್ಯಾಬಿನಿಂದ ಸ್ನೇಹಕ್ಕೆಂದು ಇಸಿದುಕೊಂಡ ಫ್ಲಾಸ್ಕಿನಿಂದಲೂ ಬರಬಹುದು.

ಪತ್ತೆಹಚ್ಚುವ ವಿಧಾನ ಸರಳ. ಕೋಶಗಳನ್ನು ಕೆಲವು ದಿನ ಆ್ಯಂಟಿಬಯೋಟಿಕ್ ಇಲ್ಲದೆ ಬೆಳೆಸಿ, ತಟ್ಟೆ ಪೂರ್ತಿ ತುಂಬುವ ಮೊದಲೇ ಡಿಎನ್ಎಗೆ ಅಂಟಿ ಹೊಳೆಯುವ ಡ್ಯಾಪಿ ಬಣ್ಣ ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ನೋಡಬೇಕು. ಶುದ್ಧ ಕೋಶದಲ್ಲಿ ನೀಲಿಯಾಗಿ ಹೊಳೆಯುವುದು ಕೋಶಕೇಂದ್ರ ಮಾತ್ರ. ಸೋಂಕಿದ್ದರೆ ಅದರ ಸುತ್ತಲಿನ ಕತ್ತಲಲ್ಲಿ, ಕೋಶದ ಅಂಚಿನುದ್ದಕ್ಕೂ ರವೆ ಚೆಲ್ಲಿದಂತೆ ನೀಲಿ ಚುಕ್ಕೆಗಳು ಕಾಣುತ್ತವೆ. ಅನುಮಾನ ಉಳಿದರೆ, ಮೈಕೋಪ್ಲಾಸ್ಮಾದ ಡಿಎನ್ಎಯನ್ನು ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆ ಇದೆ. ಇದರ ಖರ್ಚು ಒಂದು ಬಾಟಲಿ ಸೀರಮ್ಮಿನ ಬೆಲೆಯ ಮುಂದೆ ಏನೂ ಅಲ್ಲ, ಆದರೂ ಅನುದಾನದ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಬರೆಯುವವರು ಕಡಿಮೆ.

ಸೋಂಕು ಖಚಿತವಾದರೆ, ಬೇರೆಲ್ಲೂ ಸಿಗದ ಕೋಶವಾದ ಹೊರತು, ಚಿಕಿತ್ಸೆಗೆ ಕೈಹಾಕದೆ ಎಸೆದು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ ಭಂಡಾರದಿಂದ ಹೊಸದನ್ನು ತರಿಸಿಕೊಳ್ಳುವುದು ಮೇಲು. ಹೊಸದು ಬಂದಾಗಲೂ ಮೊದಲು ಪ್ರತ್ಯೇಕ ಇನ್‌ಕ್ಯುಬೇಟರಿನಲ್ಲಿಟ್ಟು ಪರೀಕ್ಷಿಸಿ, ಆಮೇಲಷ್ಟೇ ವಯಲುಗಳಲ್ಲಿ (ಸಣ್ಣ ಶೀಷೆಗಳಲ್ಲಿ) ಹೆಪ್ಪುಗಟ್ಟಿಸಿ ಶೇಖರಿಸಬೇಕು. ಏಕೆಂದರೆ ದ್ರವ ಸಾರಜನಕದ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲೂ ಮೈಕೋಪ್ಲಾಸ್ಮಾ ಕೋಶಗಳ ಜೊತೆಗೇ ಬದುಕಿ ಉಳಿಯುತ್ತದೆ.