ಕಡಲು ಹೆಪ್ಪುಗಟ್ಟಿದರೆ ಉಪ್ಪು ಎಲ್ಲಿಗೆ ಹೋಗುತ್ತದೆ?

ಸ್ಟೀಲ್ ಲೋಟದಲ್ಲಿ ಉಪ್ಪುನೀರು ತುಂಬಿ ಫ್ರೀಜರಿನಲ್ಲಿಡಿ. ಅರ್ಧ ಗಡ್ಡೆ ಕಟ್ಟಿದಾಗ ಹೊರತೆಗೆಯಿರಿ. ಗಡ್ಡೆಯನ್ನು ತೊಳೆದು ನೆಕ್ಕಿ, ಉಳಿದ ನೀರನ್ನೂ ನಾಲಿಗೆಗೆ ಹಚ್ಚಿ ನೋಡಿ. ಗಡ್ಡೆ ಸಪ್ಪೆ, ನೀರು ಮೊದಲಿಗಿಂತ ಉಪ್ಪು!

ಧ್ರುವದ ಕಡಲಿನಲ್ಲಿ ಪ್ರತಿ ಚಳಿಗಾಲ ನಡೆಯುವುದು ಇದೇ. ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಹೆಪ್ಪುಗಟ್ಟುವ ಕಡಲು ತನ್ನ ಉಪ್ಪಿನ ಬಹುಪಾಲನ್ನು ಹೊರಹಾಕುತ್ತದೆ, ಗಟ್ಟಿ ಮೊಸರು ನೀರು ಬಿಟ್ಟಂತೆ. ಇಟ್ಟಿಗೆ ಜೋಡಿಸುವ ಗಾರೆಯವನು ಉರುಟು ಕಲ್ಲನ್ನು ಪಕ್ಕಕ್ಕೆಸೆಯುವಂತೆ, ಸಾಲುಗಟ್ಟುವ ನೀರಿನ ಅಣುಗಳು ಉಪ್ಪಿಗೆ ಜಾಗ ಕೊಡುವುದಿಲ್ಲ. ಅಂಟಾರ್ಕ್ಟಿಕಾದ ತೀರದಲ್ಲಿ ನೆಲದಿಂದ ಬೀಸುವ ಗಾಳಿ ಹೊಸ ಮಂಜುಗಡ್ಡೆಯನ್ನು ಆಚೆಗೆ ದೂಡಿದಷ್ಟೂ ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ: ದೋಸೆ ಎಬ್ಬಿಸಿದ ಕೂಡಲೇ ಕಾವಲಿಗೆ ಮತ್ತೆ ಹಿಟ್ಟು ಹುಯ್ದ ಹಾಗೆ. ಪ್ರತಿ ಸಲವೂ ಉಪ್ಪು ಕೆಳಗಿಳಿಯುತ್ತದೆ. ಆ ತಣ್ಣನೆಯ, ಭಾರವಾದ ನೀರು ಇಳಿಜಾರಿನಲ್ಲಿ ಜಾರಿ, ಹಿಂದೂ ಮಹಾಸಾಗರದ ತಳದವರೆಗೂ ಹಬ್ಬುತ್ತದೆ.

ಇಂಥ ಕಡಲನ್ನು ಓದಲು ನಾರ್ವೆಯ ಅನ್ವೇಷಕ ನಾನ್ಸೆನ್ 1893ರಲ್ಲಿ ‘ಫ್ರಾಮ್’ ಹಡಗನ್ನು ಬೇಕೆಂದೇ ಆರ್ಕ್ಟಿಕ್ ಮಂಜುಗಡ್ಡೆಯಲ್ಲಿ ಸಿಕ್ಕಿಸಿದ. ಅದು ಬಿಡಿಸಿಕೊಂಡದ್ದು 1896ರಲ್ಲಿ. ಎಂಥ ತಾಳ್ಮೆ! ಇಂದು ಹಡಗಿನ ಜೊತೆಗೆ, ಕಡಲು ಮತ್ತು ಗಾಳಿಯ ನಡೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳೂ ಇವೆ. ಸಾಗರ ವಿಜ್ಞಾನಿ ಸೆಲೀನ್ ಹ್ಯೂಜೆ ಮತ್ತು ಸಂಗಡಿಗರು 2013ರಲ್ಲಿ 15 ಹವಾಮಾನ ಮಾದರಿಗಳನ್ನು ಪರೀಕ್ಷಿಸಿದರು. ಹತ್ತರಲ್ಲಿ ತೀರದಂಚಿನ ಭಾರವಾದ ನೀರು ಹುಟ್ಟುತ್ತಿತ್ತು, ಆದರೆ ತಳ ಮುಟ್ಟುವ ಮೊದಲೇ ಹಗುರ ನೀರಿನಲ್ಲಿ ಬೆರೆತುಹೋಗುತ್ತಿತ್ತು. ಹೆಚ್ಚಿನ ಮಾದರಿಗಳು ನಡುಗಡಲಿನಲ್ಲೇ ನೀರನ್ನು ಮುಳುಗಿಸುತ್ತಿದ್ದವು. ವಾಸ್ತವದಲ್ಲಿ ಅದು ಅಪರೂಪ. 1974ರಿಂದ 76ರವರೆಗೆ ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಕರ್ನಾಟಕಕ್ಕಿಂತ ದೊಡ್ಡ ಬಾಯಿ ತೆರೆದಾಗ ಹಾಗಾಗಿತ್ತು. ಮಾದರಿಗಳು ಎಡವುವುದೇಕೆ? ಅವು ಕಡಲನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ, ಒಂದೊಂದು ಚೌಕವೂ ಹತ್ತಾರು ಕಿಲೋಮೀಟರ್ ಅಗಲ. ಇಳಿಜಾರಿಗೆ ಅಂಟಿಕೊಂಡು ಜಾರುವ ತೆಳುವಾದ ಹೊಳೆ ಅದರಲ್ಲಿ ಉಳಿಯುವುದೆಂತು?

ಮಾದರಿಗಳ ಈ ತಪ್ಪನ್ನು ಹೇಳಿದರೆ ಸಾಕು, “ಹಾಗಾದರೆ ಭೂಮಿ ಬಿಸಿಯಾಗುವುದೇ ಸುಳ್ಳು” ಎನ್ನುವವರು ಎದ್ದು ನಿಲ್ಲುತ್ತಾರೆ. ನನಗೆ ತಡೆಯಲಾಗದ ಸಿಟ್ಟು ಬರುವುದು ಇಲ್ಲೇ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆಂದು ಭೌತವಿಜ್ಞಾನಿ ಟಿಂಡಲ್ 1859ರಲ್ಲೇ ಪ್ರಯೋಗಶಾಲೆಯಲ್ಲಿ ಅಳೆದಿದ್ದ. ಅದಕ್ಕೆ ಯಾವ ಕಂಪ್ಯೂಟರೂ ಬೇಕಾಗಿರಲಿಲ್ಲ. ಮಾದರಿಗಳು ತಡವರಿಸುವುದು ಆ ಶಾಖದಲ್ಲಿ ಎಷ್ಟು ಪಾಲು, ಎಷ್ಟು ಬೇಗ ಕಡಲಿನ ಆಳಕ್ಕೆ ಇಳಿಯುತ್ತದೆ ಎಂಬಲ್ಲಿ. ತಮ್ಮ ಮಾದರಿಯ ತಪ್ಪನ್ನು ತಾವೇ ಹುಡುಕಿ ಅಚ್ಚು ಹಾಕಿಸುವವರನ್ನು ನಂಬದೆ ಇನ್ನಾರನ್ನು ನಂಬುವುದು?

ಈ ನಡುವೆ ಕಡಲೂ ಬದಲಾಗುತ್ತಿದೆ. ಅಂಟಾರ್ಕ್ಟಿಕಾದ ರಾಸ್ ಸಮುದ್ರದ ಉಪ್ಪಿನಂಶ ಕಳೆದ ಶತಮಾನದ ಮಧ್ಯದಿಂದ ದಶಕಗಳ ಕಾಲ ಇಳಿಯುತ್ತ ಬಂದದ್ದನ್ನು ಹಡಗುಗಳು ಅಳೆದಿವೆ. ಕರಗಿದ ಹಿಮದ ಸಿಹಿನೀರು ಬೆರೆತಷ್ಟೂ ತೀರದ ನೀರು ಹಗುರವಾಗುತ್ತದೆ, ತಳಕ್ಕಿಳಿಯಲು ಹಿಂಜರಿಯುತ್ತದೆ.