ಇಟ್ಟಿಗೆ ಒಡ್ಡಿ ತೆರೆದಿಟ್ಟ ಬಾಗಿಲು

ಅಪಾರ್ಟ್‌ಮೆಂಟ್ ಸಂಘದವರು ಅಗ್ನಿಸುರಕ್ಷತೆಯ ತಪಾಸಣೆಗೆ ಕರೆದಾಗ ನನಗೆ ಮೊದಲು ತೋರಿಸುವುದು ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರ್‌ಗಳನ್ನು. ನಾನು ಮೊದಲು ನೋಡುವುದು ಮೆಟ್ಟಿಲ ಬಾಗಿಲನ್ನು. ತಾನಾಗಿ ಮುಚ್ಚಿಕೊಳ್ಳಬೇಕಾದ ಆ ಭಾರದ ಬಾಗಿಲಿಗೆ ಯಾರೋ ಇಟ್ಟಿಗೆಯನ್ನೋ ಹೂಕುಂಡವನ್ನೋ ಒಡ್ಡಿರುತ್ತಾರೆ. ಕೇಳಿದರೆ, ‘ಗಾಳಿ ಆಡಲಿ ಅಂತ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಾಳಿ ಆಡುವ ದಾರಿಯಲ್ಲೇ ಹೊಗೆಯೂ ಆಡುತ್ತದೆ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್‌ಗಳು ಹಾದುಹೋಗುವ ಡಕ್ಟ್‌ನಲ್ಲಿ. ಅಲ್ಲಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರು ಸಿಗದೆ ಕೆಲವರು ಕಿಟಕಿಯಿಂದ ಹಾರಿದರು. ಆ ದುರಂತದ ಬಳಿಕ 2011ರಲ್ಲಿ ರಾಜ್ಯ ಸರ್ಕಾರ ಎತ್ತರದ ಕಟ್ಟಡಗಳಿಗೆ ನಿಯಮ ಬಿಗಿಗೊಳಿಸಿತು. ನಿಯಮ ಬಿಗಿಯಾಯಿತು, ಇಟ್ಟಿಗೆ ಮಾತ್ರ ಕದಲಲಿಲ್ಲ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡ ಬಹುಮಹಡಿ ಕಟ್ಟಡ. ಅಂಥ ಕಟ್ಟಡದ ಮೆಟ್ಟಿಲ ಬಾಗಿಲು ಬೆಂಕಿಯನ್ನು ಎರಡು ಗಂಟೆ ತಡೆಯುವಂತಿರಬೇಕು. ಎಷ್ಟೋ ಕಡೆ ಮೆಟ್ಟಿಲ ಗೂಡಿನೊಳಕ್ಕೆ ಫ್ಯಾನ್ ಮೂಲಕ ಗಾಳಿ ತುಂಬಿ ಹೊಗೆಯನ್ನು ಹೊರಗೇ ತಡೆಯುವ ವ್ಯವಸ್ಥೆಯೂ ಇರುತ್ತದೆ. ನಾಲ್ಕು ಮಹಡಿಗಳಲ್ಲಿ ಬಾಗಿಲು ತೆರೆದೇ ಇದ್ದರೆ ಆ ಒತ್ತಡ ಸೋರಿಹೋಗುತ್ತದೆ, ಲಕ್ಷಗಟ್ಟಲೆ ಬೆಲೆಯ ಫ್ಯಾನ್ ಸುಮ್ಮನೆ ತಿರುಗುತ್ತದೆ.

ವಿದ್ಯುತ್ ಡಕ್ಟ್‌ನ ಸ್ಥಿತಿ ಇನ್ನೂ ಕೆಟ್ಟದು. ಪ್ರತಿ ಮಹಡಿಯಲ್ಲೂ ಕೇಬಲ್ ಸುತ್ತಲಿನ ಸಂದನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿರಬೇಕು. ಬಿಲ್ಡರ್ ಮುಚ್ಚಿಯೇ ಕೊಟ್ಟಿರಬಹುದು. ಆಮೇಲೆ ಇಂಟರ್‌ನೆಟ್ ಕಂಪನಿಯೊಂದರ ಹುಡುಗ ಬಂದು ತೂತು ಕೊರೆಯುತ್ತಾನೆ, ಮರುವರ್ಷ ಇನ್ನೊಂದು ಕಂಪನಿಯ ಹುಡುಗ ಅದನ್ನು ದೊಡ್ಡದು ಮಾಡುತ್ತಾನೆ. ಡಕ್ಟ್‌ನ ಬಾಗಿಲು ತೆರೆದರೆ ಪೊರಕೆ, ಹಳೆಯ ಪೇಪರ್ ಕಟ್ಟು, ಅರ್ಧ ಉಳಿದ ಪೇಂಟ್ ಡಬ್ಬಿ. ಇದನ್ನು ಖಾಲಿ ಮಾಡಿಸಲು ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ, ಒಂದು ಭಾನುವಾರ ಸಾಕು.

ಬೆಂಕಿ ಆರಿಸುವ ನೀರಿನ ಪಂಪ್‌ಹೌಸ್‌ಗೆ ಹೋದರೆ ಫಲಕದ ಮೇಲಿನ ಸ್ವಿಚ್ ನೋಡಿ. ಅದು ‘ಆಟೋ’ದಲ್ಲಿರಬೇಕು, ಆಗಷ್ಟೇ ಪಂಪ್ ತಾನಾಗಿ ಶುರುವಾಗುತ್ತದೆ. ಎಲ್ಲೋ ಪೈಪ್ ಸೋರಿ ಒತ್ತಡ ಇಳಿದಾಗ, ಆ ಒತ್ತಡವನ್ನು ಕಾಯುವ ಚಿಕ್ಕ ಪಂಪ್, ಅಂದರೆ ಜಾಕಿ ಪಂಪ್, ರಾತ್ರಿ ಪದೇ ಪದೇ ಶುರುವಾಗುತ್ತದೆ; ಕೆಳಮಹಡಿಯವರಿಗೆ ನಿದ್ದೆ ಕೆಡುತ್ತದೆ; ಯಾರೋ ಸ್ವಿಚ್ಚನ್ನು ‘ಮ್ಯಾನುವಲ್’ಗೆ ತಿರುಗಿಸಿ ಮರೆಯುತ್ತಾರೆ. ಸೋರಿಕೆ ಸರಿಪಡಿಸುವ ಕೆಲಸ ಉಳಿದೇಬಿಡುತ್ತದೆ. ಡೀಸೆಲ್ ಪಂಪ್‌ನ ಬ್ಯಾಟರಿ ಸತ್ತಿರುವುದೂ ಗೊತ್ತಾಗುವುದಿಲ್ಲ, ವಾರಕ್ಕೊಮ್ಮೆ ಓಡಿಸಿ ನೋಡದಿದ್ದರೆ.

ಅಗ್ನಿಶಾಮಕ ವಾಹನ ಬಂದೇ ಬರುತ್ತದೆಂಬ ಧೈರ್ಯ ಎಲ್ಲರಿಗೂ ಇದೆ. ಬಂದ ವಾಹನ ಎಲ್ಲಿ ನಿಲ್ಲಬೇಕು? ಬಹುಮಹಡಿ ಕಟ್ಟಡದ ಸುತ್ತ ಕನಿಷ್ಠ 6 ಮೀಟರ್ ದಾರಿ, 45 ಟನ್ ತಾಳುವ ನೆಲ ಬೇಕೆನ್ನುತ್ತದೆ ಸಂಹಿತೆ. ಬೆಂಗಳೂರಿನಲ್ಲಿ 90 ಮೀಟರ್ ಏರುವ ಏಣಿ ವಾಹನವೇ ಇದೆ, ಆದರೆ ಅದಕ್ಕೆ ಎರಡೂ ಬದಿಗೆ ಕಾಲು ಚಾಚಿ ಊರಲು ಜಾಗವಿರಬೇಕು. ಆ ಜಾಗದಲ್ಲಿ ಅತಿಥಿಗಳ ಕಾರುಗಳು ಸಾಲಾಗಿ ನಿಂತಿರುತ್ತವೆ.

ಮನೆಯೊಳಗಿರುವಾಗ ಹೊರಗೆ ಬೆಂಕಿಯೆಂಬ ಕೂಗು ಕೇಳಿದರೆ ಮೊದಲು ಅಂಗೈಯ ಹಿಂಭಾಗದಿಂದ ಮುಂಬಾಗಿಲನ್ನು ಮುಟ್ಟಿ ನೋಡಿ. ಬಿಸಿಯಿದ್ದರೆ ಅಥವಾ ಸಂದಿನಿಂದ ಹೊಗೆ ನುಸುಳುತ್ತಿದ್ದರೆ ತೆರೆಯಬೇಡಿ. ಒದ್ದೆ ಬಟ್ಟೆಯಿಂದ ಬಾಗಿಲ ಬುಡ ಮುಚ್ಚಿ, ಬಾಲ್ಕನಿಗೆ ಹೋಗಿ, 112 ಅಥವಾ 101ಕ್ಕೆ ಕರೆ ಮಾಡಿ ಬ್ಲಾಕ್, ಮಹಡಿ, ಫ್ಲ್ಯಾಟ್ ಸಂಖ್ಯೆ ಹೇಳಿ. ದಾರಿ ತಿಳಿಯಾಗಿದ್ದರೆ ಮೆಟ್ಟಿಲಿನಿಂದ ಇಳಿಯಿರಿ, ಲಿಫ್ಟ್ ಬೇಡ. ಟೆರೇಸ್‌ಗೆ ಓಡುವ ಯೋಚನೆಯೂ ಬೇಡ: ಹೊಗೆ ಮೇಲಕ್ಕೇ ಏರುತ್ತದೆ, ಅಲ್ಲಿನ ಬಾಗಿಲಿಗೆ ಸಂಘದವರು ಬೀಗ ಹಾಕಿರುವ ಸಾಧ್ಯತೆಯೂ ಹೆಚ್ಚು. ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಹಾಕಿಸಿದ್ದರೆ ಅದರಲ್ಲೊಂದು ತೆರೆಯುವ ಕಿಂಡಿ ಇರಲಿ, ಬೀಗದ ಕೈ ಮನೆಯ ಮಕ್ಕಳಿಗೂ ಗೊತ್ತಿರುವ ಮೊಳೆಯಲ್ಲಿ ತೂಗಲಿ.

ಅಣಕು ಕಾರ್ಯಾಚರಣೆಯನ್ನು ಹೊಸ ಕಟ್ಟಡದಲ್ಲಿ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ನಡೆಸಬೇಕು. ಹತ್ತಿರದ ಅಗ್ನಿಶಾಮಕ ಠಾಣೆಗೆ ಸಂಘ ಪತ್ರ ಬರೆದು ಸಿಬ್ಬಂದಿಯ ನೆರವು ಕೇಳಬಹುದು. ನಾನು ಕಂಡ ಅಣಕು ಕಾರ್ಯಾಚರಣೆಗಳು ಹೆಚ್ಚಾಗಿ ಶನಿವಾರ ಹನ್ನೊಂದು ಗಂಟೆಗೆ, ಮುಂಚೆಯೇ ವಾಟ್ಸ್‌ಆ್ಯಪ್‌ನಲ್ಲಿ ಸಮಯ ತಿಳಿಸಿ, ಕೊನೆಗೆ ಸಮೋಸ ಹಂಚಿ ಮುಗಿಯುತ್ತವೆ. ಒಮ್ಮೆಯಾದರೂ ಸಂಜೆ ಏಳಕ್ಕೆ ಮಾಡಿ ನೋಡಿ: ಒಲೆ ಉರಿಯುತ್ತಿರುವಾಗ, ಮಂಡಿನೋವಿನ ಅಜ್ಜಿ ಒಂಬತ್ತನೇ ಮಹಡಿಯಲ್ಲಿ ಒಬ್ಬರೇ ಇರುವಾಗ. ಅವರನ್ನು ಕೆಳಗಿಳಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಅಂದೇ ಗೊತ್ತಾಗುತ್ತದೆ, ಆ ಹೆಸರನ್ನು ಸೆಕ್ಯುರಿಟಿ ಮೇಜಿನ ಮೇಲೆ ಬರೆದಿಡಿ.